ಬೀಡಿ ಸ್ಕಾಲರ್‌ಶಿಪ್: ಆರು ಸಾವಿರ ಕೈಗೆ ಬರುವ ಹೊತ್ತಿಗೆ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಮಂಜೇಶ್ವರದವರೆಗೆ ಯಾವ ಊರಿಗೆ ಹೋದರೂ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರು ಸಿಗುತ್ತಾರೆ. ನನ್ನ ಅಮ್ಮನೂ ಅವರಲ್ಲಿ ಒಬ್ಬಳು. ಈಗಲೂ ಕಟ್ಟುತ್ತಾಳೆ, ಮೊದಲಿನಷ್ಟು ಅಲ್ಲ. ಬೀಡಿ ಕಾರ್ಮಿಕರ ಮಕ್ಕಳಿಗೆ ಅಂತ ಕೇಂದ್ರ ಕಾರ್ಮಿಕ ಸಚಿವಾಲಯದ ಒಂದು ಸ್ಕಾಲರ್‌ಶಿಪ್ ಉಂಟು. ಒಂದರಿಂದ ನಾಲ್ಕನೇ ಕ್ಲಾಸಿನವರಿಗೆ ವರ್ಷಕ್ಕೆ 1,000 ರೂಪಾಯಿ, ಎಂಟರವರೆಗೆ 1,500, ಒಂಬತ್ತು ಹತ್ತಕ್ಕೆ 2,000, ಪ್ಲಸ್ ವನ್ ಪ್ಲಸ್ ಟೂಗೆ 3,000, ಡಿಗ್ರಿಗೆ 6,000, ಇಂಜಿನಿಯರಿಂಗ್ ಮೆಡಿಕಲ್ ಥರದ ಕೋರ್ಸಿಗೆ 25,000. ನನ್ನ ತಂಗಿ 2024ರಲ್ಲಿ ಡಿಗ್ರಿಗೆ ಸೇರಿದಳು. ಅವಳ ಆರು ಸಾವಿರಕ್ಕೆ ಅರ್ಜಿ ಹಾಕಿಸುವ ಕೆಲಸ ನನ್ನ ತಲೆಗೆ ಬಂತು, ಯಾಕೆಂದರೆ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳುವವಳು ನಾನೊಬ್ಬಳೇ.

ಆರು ಸಾವಿರ ಅಂದರೆ ಎಷ್ಟು ಮಹಾ ಅಂತ ಕೇಳಬಹುದು. ದಿನಾ ಬಸ್ಸಿನಲ್ಲಿ ಕಾಸರಗೋಡಿಗೆ ಹೋಗಿ ಬರುವ, ನೋಟ್ಸಿನ ಝೆರಾಕ್ಸಿಗೂ ಅಮ್ಮನ ಹತ್ತಿರ ಕೈಯೊಡ್ಡುವ ಹುಡುಗಿಗೆ ಅದು ದೊಡ್ಡದೇ.

ಇದು ಯಾರೋ ಕೊಡುವ ದಾನವೂ ಅಲ್ಲ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂತು. ಸಾವಿರ ಬೀಡಿಗೆ ಇಷ್ಟು ಅಂತ ಸೆಸ್ ಹಾಕಿ, ಆ ದುಡ್ಡಲ್ಲಿ ಡಿಸ್ಪೆನ್ಸರಿ, ಮನೆ ಕಟ್ಟಲು ಸಹಾಯ, ಮಕ್ಕಳ ಸ್ಕಾಲರ್‌ಶಿಪ್ ಎಲ್ಲ ನಡೆಯುತ್ತಿತ್ತು. ಅಂದರೆ ಅಮ್ಮ ಕಟ್ಟಿದ ಬೀಡಿಯದ್ದೇ ದುಡ್ಡು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. ಯೋಜನೆ ಉಳಿಯಿತು, ಈಗ ಬಜೆಟ್ಟಿನಿಂದ ಬರುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆಫೀಸುಗಳಲ್ಲಿ ನಮ್ಮನ್ನು ನಿಲ್ಲಿಸಿ ಮಾತಾಡಿಸುವ ರೀತಿ ನೋಡಿದರೆ ಯಾರದೋ ಕಿಸೆಯಿಂದ ಕೇಳುತ್ತಿದ್ದೇವೇನೋ ಅನಿಸುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಇದಕ್ಕೆ ಕಾಗದದ ಅರ್ಜಿ. ಅಮ್ಮ ಬೀಡಿ ಬ್ರಾಂಚಿನಲ್ಲಿ, ಅಂದರೆ ಕಟ್ಟಿದ ಬೀಡಿ ಕೊಟ್ಟು ಬರುವ ಕಂಪನಿಯ ಜಾಗದಲ್ಲಿ, ಸಹಿ ಹಾಕಿಸಿ, ಶಾಲೆಯಲ್ಲಿ ಸೀಲು ಹಾಕಿಸಿ, ಕೊಟ್ಟು ಬರುತ್ತಿದ್ದಳು. ಬಂದರೆ ಬಂತು. ಬಾರದಿದ್ದರೆ ಯಾರನ್ನು ಕೇಳುವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಈಗ ಎಲ್ಲವೂ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಎಲ್ಲರೂ ಎನ್‌ಎಸ್‌ಪಿ ಅನ್ನುತ್ತಾರೆ. ಅರ್ಜಿ ಎಲ್ಲಿದೆ ಅಂತ ಫೋನಿನಲ್ಲೇ ನೋಡಬಹುದು. ದುಡ್ಡು ನೇರ ಮಕ್ಕಳ ಅಕೌಂಟಿಗೆ ಬರುತ್ತದೆ. ಮಧ್ಯದಲ್ಲಿ ಯಾರೂ ಕೈ ಹಾಕುವ ಹಾಗಿಲ್ಲ. ಇದು ಒಳ್ಳೆಯದೇ.

ಆದರೆ ಆ ಮಧ್ಯದವರು ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು? ನಮ್ಮ ಮನೆಗೇ ಬಂತು, ಮತ್ತೆಲ್ಲಿಗೆ.

ಮೊದಲು ಒಟಿಆರ್. ಒಂದೇ ಸಲದ ನೋಂದಣಿ, ಅದರಲ್ಲಿ 14 ಅಂಕಿಯ ಒಂದು ನಂಬರ್ ಸಿಗುತ್ತದೆ, ಓದು ಮುಗಿಯುವವರೆಗೂ ಅದೇ. ತಂಗಿ ಡಿಗ್ರಿಗೆ ಸೇರಿದ ವರ್ಷವೇ ಶುರುವಾದದ್ದು. ಅದಕ್ಕೆ ಆಧಾರ್ ಜೊತೆ ಮುಖ ತಾಳೆ ಆಗಬೇಕು. ಫೋನಿಗೆ ಎರಡು ಆ್ಯಪ್ ಹಾಕಿಕೊಳ್ಳಬೇಕು, ಒಂದು ಪೋರ್ಟಲ್ಲಿನದ್ದು, ಇನ್ನೊಂದು ಆಧಾರ್‌ನವರದ್ದು. ತಂಗಿಯ ಫೋನಿನಲ್ಲಿ ಎರಡಕ್ಕೂ ಜಾಗ ಇರಲಿಲ್ಲ. ಅವಳ ಫೋಟೋ ರೀಲ್ಸ್ ಎಲ್ಲ ಅಳಿಸಿ ಜಾಗ ಮಾಡಿದ್ದಾಯಿತು, ಅದಕ್ಕೊಂದು ಜಗಳ ಬೇರೆ. ಮಳೆಗಾಲ, ಮನೆ ಒಳಗೆ ನೆಟ್‌ವರ್ಕ್ ಇಲ್ಲ, ಜಗಲಿಯಲ್ಲಿ ಉಂಟು. ಜಗಲಿಯಲ್ಲಿ ಹಿಂದಿನಿಂದ ಬೆಳಕು ಬಂದರೆ ಮುಖ ಕಪ್ಪು. ಮುಖಕ್ಕೆ ಬೆಳಕು ಬೀಳುವ ಕಡೆ ನಿಂತರೆ ಇರಿಚಲು ಫೋನಿಗೆ. ಕಣ್ಣು ಮಿಟುಕಿಸು ಅನ್ನುತ್ತದೆ, ಮಿಟುಕಿಸಿದಳು. ಸುತ್ತುತ್ತಾ ಸುತ್ತುತ್ತಾ ಕೊನೆಗೆ ಮ್ಯಾಚ್ ಆಗಲಿಲ್ಲ ಅಂತ ಬಂತು. ಅವಳ ಆಧಾರಿನ ಫೋಟೋ ಐದನೇ ಕ್ಲಾಸಿನದ್ದು, ಎರಡು ಜಡೆ, ಎದುರಿನ ಹಲ್ಲು ಇಲ್ಲ. ಮ್ಯಾಚ್ ಆಗುವುದಾದರೂ ಹೇಗೆ ಮಾರಾಯ್ರೆ! ಹದಿನೈದು ವರ್ಷ ದಾಟಿದ ಮೇಲೆ ಆಧಾರಿನ ಬಯೋಮೆಟ್ರಿಕ್ ಹೊಸದು ಮಾಡಿಸಬೇಕು ಅಂತ ನಿಯಮ ಉಂಟು. ಎಷ್ಟು ಮನೆಯಲ್ಲಿ ಮಾಡಿಸಿರುತ್ತಾರೆ? ಮಾಡಿಸಿಕೊಂಡು ಬಂದು, ಅದು ಅಪ್‌ಡೇಟ್ ಆಗುವವರೆಗೆ ಕಾದು, ಆಮೇಲೆ ನಂಬರ್ ಸಿಕ್ಕಿತು.

ಆಮೇಲೆ ಕಾಗದಗಳು. ಅಮ್ಮನ ಬೀಡಿ ಐಡಿ ಕಾರ್ಡ್, ವಿಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟ್, ಬ್ಯಾಂಕ್ ಪಾಸ್‌ಬುಕ್, ಹಿಂದಿನ ಪರೀಕ್ಷೆಯ ಮಾರ್ಕ್ಸ್ ಕಾರ್ಡ್. ತಿಂಗಳ ಆದಾಯ 10,000 ಮೀರಬಾರದು ಅಂತ ಷರತ್ತು. ನಾನು ಮದುವೆಯಾಗಿ ಬೇರೆ ರೇಷನ್ ಕಾರ್ಡಿನಲ್ಲಿರುವುದರಿಂದ ನನ್ನ ಸಂಬಳ ಅದರಲ್ಲಿ ಬರಲಿಲ್ಲ, ಅದೊಂದು ಪುಣ್ಯ.

ತೊಂದರೆ ಬಂದದ್ದು ಅಮ್ಮನ ಹೆಸರಿನಲ್ಲಿ. ಬೀಡಿ ಕಾರ್ಡಿನಲ್ಲಿ ಅವಳ ಹೆಸರಿನ ಜೊತೆ ತವರು ಮನೆಯ ಇನಿಶಿಯಲ್. ಆಧಾರಿನಲ್ಲಿ ಇನಿಶಿಯಲ್ಲೇ ಇಲ್ಲ. ತಂಗಿಯ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಅಮ್ಮನ ಹೆಸರಿನ ಕೊನೆಯ ಅಕ್ಷರವನ್ನು ಮಲಯಾಳದಲ್ಲಿ ಕೇಳಿಸಿದ ಹಾಗೆ ಇಂಗ್ಲಿಷಿಗೆ ಬರೆದಿದ್ದಾರೆ. ಒಬ್ಬಳೇ ಅಮ್ಮ, ಮೂರು ಹೆಸರು. ಕಾಸರಗೋಡಿನ ಕನ್ನಡ, ತುಳು ಮನೆಗಳಲ್ಲಿ ಇದು ಹೊಸತೇನೂ ಅಲ್ಲ. ಅದಕ್ಕೆ ವಿಲೇಜ್ ಆಫೀಸಿನಿಂದ 'ವನ್ ಆಂಡ್ ದ ಸೇಮ್' ಸರ್ಟಿಫಿಕೇಟ್ ಅಂತ ಒಂದು ಸಿಗುತ್ತದೆ, ಮೂರೂ ಹೆಸರು ಒಬ್ಬರದ್ದೇ ಅಂತ. ಅದಕ್ಕೆ ಸರ್ಕಾರಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ, ಆಮೇಲೆ ವಿಲೇಜ್ ಆಫೀಸಿನಿಂದ ಫೋನ್, ಆಮೇಲೆ ಅಮ್ಮ ಹೋಗಿ ಮುಖ ತೋರಿಸುವುದು. ಅಮ್ಮ ಒಂದು ದಿನ ಹೊರಗೆ ಹೋದರೆ ಆ ದಿನದ ಬೀಡಿ ಇಲ್ಲ. ಈ ಲೆಕ್ಕ ಯಾವ ಪೋರ್ಟಲ್ಲಿನಲ್ಲೂ ಬರುವುದಿಲ್ಲ.

ವಿಲೇಜ್ ಆಫೀಸಿನಲ್ಲಿ ನಾನು ವಿವರಣೆಯನ್ನು ಕನ್ನಡದಲ್ಲೇ ಬರೆದುಕೊಟ್ಟೆ. ಕೌಂಟರಿನವರು ಒಮ್ಮೆ ಕಾಗದ ನೋಡಿದರು, ಒಮ್ಮೆ ನನ್ನನ್ನು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಆಫೀಸುಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು ಅಂತ ಉಂಟು. ಅವರು ತಗೊಂಡರು, ಜಗಳ ಏನೂ ಆಗಲಿಲ್ಲ. ಸುಮ್ನೆ ಹೇಳಿದೆ, ಯಾರಿಗಾದರೂ ಬೇಕಾದೀತು.

ಅರ್ಜಿ ಹಾಕಲು ಕೂತರೆ ಕೋರ್ಸ್ ಇಲ್ಲ! ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದದ್ದು ಅದೇ 2024ರ ಜುಲೈಯಲ್ಲಿ. ಪೋರ್ಟಲ್ಲಿನಲ್ಲಿ ಕಾಲೇಜಿನ ಹೆಸರು ಒತ್ತಿದರೆ ಹಳೆಯ ಮೂರು ವರ್ಷದ ಕೋರ್ಸುಗಳು ಮಾತ್ರ ಕಾಣುತ್ತವೆ. ಕೋರ್ಸು, ಫೀಸು ಎಲ್ಲ ತುಂಬಿಸಬೇಕಾದ್ದು ಕಾಲೇಜಿನ ನೋಡಲ್ ಆಫೀಸರ್. ಅವರೇ ಅರ್ಜಿಗಳನ್ನು ಮೊದಲು ಪರಿಶೀಲಿಸಿ ಮುಂದೆ ಕಳಿಸುವವರು ಕೂಡ. ಪಾಠ ಮಾಡುವ ಒಬ್ಬ ಮಾಸ್ಟ್ರಿಗೆ ಇದು ಹೆಚ್ಚುವರಿ ಕೆಲಸ. ತಂಗಿಯ ಕಾಲೇಜಿನಲ್ಲಿ ಆ ಕೆಲಸ ನೋಡುತ್ತಿದ್ದವರು ಬೇಸಿಗೆಯಲ್ಲೇ ಟ್ರಾನ್ಸ್‌ಫರ್ ಆಗಿ ಹೋಗಿದ್ದರು. ಲಾಗಿನ್ ಇನ್ನೂ ಅವರ ಹೆಸರಿನಲ್ಲಿ. ಹೊಸದಾಗಿ ಬಂದ ಮಾಸ್ಟ್ರ ಬಯೋಮೆಟ್ರಿಕ್ ಆಗಬೇಕು, ಪ್ರಿನ್ಸಿಪಾಲರದ್ದೂ ಆಗಬೇಕು, ಅದನ್ನು ಮೇಲಿನವರು ಒಪ್ಪಬೇಕು. ಅಲ್ಲಿವರೆಗೆ ಅರ್ಜಿ ಹಾಕಿದ ಎಲ್ಲ ಮಕ್ಕಳದ್ದೂ 'ಪೆಂಡಿಂಗ್'. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ. ಇಲ್ಲಿ ಪೂಜಾರಿಗೇ ಒಳಗೆ ಹೋಗಲು ಬೀಗದ ಕೈ ಸಿಕ್ಕಿಲ್ಲ.

ಇಷ್ಟೊಂದು ಬಿಗಿ ಯಾಕೆ ಅಂತ ಕೇಳಿದರೆ ಅದಕ್ಕೂ ಕಾರಣ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಲ್ಪಸಂಖ್ಯಾತ ಮಕ್ಕಳ ಸ್ಕಾಲರ್‌ಶಿಪ್‌ನಲ್ಲಿ ಆದ ಮೋಸ 2023ರಲ್ಲಿ ಹೊರಗೆ ಬಂತು. 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ನಕಲಿ ಅಂತ ಗೊತ್ತಾಯಿತು. 2017-18ರಿಂದ 2021-22ರವರೆಗೆ 144.83 ಕೋಟಿ ರೂಪಾಯಿ ನಷ್ಟ ಅಂತ ಸರ್ಕಾರವೇ ಲೆಕ್ಕ ಕೊಟ್ಟು ಸಿಬಿಐಗೆ ವಹಿಸಿತು. ಇಲ್ಲದ ಶಾಲೆ, ಇಲ್ಲದ ಮಕ್ಕಳು, ಅವರ ಹೆಸರಲ್ಲಿ ಅಕೌಂಟು. ಆಮೇಲೆ ನೋಡಲ್ ಆಫೀಸರುಗಳಿಗೂ ಸಂಸ್ಥೆಯ ಮುಖ್ಯಸ್ಥರಿಗೂ ಬಯೋಮೆಟ್ರಿಕ್ ಬಂತು, ಮಕ್ಕಳಿಗೆ ಮುಖ ತೋರಿಸುವುದು ಬಂತು. ಕಳ್ಳರನ್ನು ಹಿಡಿಯಬೇಕು, ಸರಿ. ಆದರೆ ಮೋಸ ಮಾಡಿದ್ದು ಸಂಸ್ಥೆ, ದಲ್ಲಾಳಿ, ಆಫೀಸು. ಅದರ ಪರೀಕ್ಷೆ ಬರೆಯುತ್ತಿರುವುದು ಜಗಲಿಯಲ್ಲಿ ಕಣ್ಣು ಮಿಟುಕಿಸುತ್ತಾ ನಿಂತ ಹುಡುಗಿ. ಸುಧಾರಣೆ ಮಾಡಿದವರು ದುಡ್ಡು ತಪ್ಪಿದ ಕೈಗೆ ಹೋಗಬಾರದು ಅಂತ ಯೋಚಿಸಿದ್ದಾರೆ, ಸರಿಯಾದ ಕೈಗೆ ಹೋಗದೇ ಉಳಿದರೆ ಯಾರ ಜವಾಬ್ದಾರಿ ಅಂತ ಯೋಚಿಸಿದ ಹಾಗೆ ಕಾಣುವುದಿಲ್ಲ. ತಪ್ಪಿದ ಕೈಗೆ ಹೋದರೆ ಕೇಸಾಗುತ್ತದೆ. ಹೋಗದೇ ಉಳಿದರೆ ಏನೂ ಆಗುವುದಿಲ್ಲ, ಅಲ್ವಾ?

ಹೊಸ ಮಾಸ್ಟ್ರು ಒಳ್ಳೆಯವರು. ಕೊನೆಯ ದಿನ ಹತ್ತಿರ ಬರುತ್ತಿದ್ದ ಹಾಗೆ ರಾತ್ರಿ ಕೂತು ಕೋರ್ಸು ಸೇರಿಸಿದರು, ಮಕ್ಕಳ ವಾಟ್ಸಾಪ್ ಗ್ರೂಪಿಗೆ ಹಾಕಿದರು. ನಾವು ಹಾಕಿದೆವು. ಕಾಲೇಜಿನಿಂದ ಮುಂದೆ ಹೋಯಿತು. ಅಬ್ಬ ಅಂತ ಕೂತಿದ್ದಾಗ 'ಡಿಫೆಕ್ಟ್' ಅಂತ ವಾಪಸ್ ಬಂತು. ಕಾರಣದ ಜಾಗದಲ್ಲಿ ಇದ್ದದ್ದು ದಾಖಲೆ ಸರಿಯಿಲ್ಲ ಅಂತ ಮಾತ್ರ. ಯಾವ ದಾಖಲೆ? ಹಾಕಿದ್ದು ಒಂದೆರಡಲ್ಲ.

ಬೀಡಿ ಬ್ರಾಂಚಿನಲ್ಲಿ ಅಮ್ಮನ ಜೊತೆ ಸಣ್ಣವಳಿರುವಾಗ ನಾನು ಹೋಗುತ್ತಿದ್ದೆ. ಕಟ್ಟು ಬಿಚ್ಚಿ ನೋಡುವವರು ಸರಿಯಿಲ್ಲದ ಬೀಡಿಯನ್ನು ಎತ್ತಿ ಕಣ್ಣೆದುರು ಹಿಡಿಯುತ್ತಿದ್ದರು. ತಲೆ ಮಡಚಿದ್ದು ಸಡಿಲ, ನೂಲು ಕೆಳಗೆ ಬಂದಿದೆ, ಇದರಲ್ಲಿ ಹೊಗೆಸೊಪ್ಪು ಕಮ್ಮಿ. ಬೈಯುತ್ತಿದ್ದರು, ಲೆಕ್ಕದಿಂದ ಕಳೆಯುತ್ತಿದ್ದರು, ಅನ್ಯಾಯವೂ ಆಗುತ್ತಿತ್ತು. ಆದರೆ ಏನು ಸರಿಯಿಲ್ಲ ಅಂತ ಹೇಳುತ್ತಿದ್ದರು. ಅಮ್ಮ ಮಾರನೇ ದಿನ ಅದನ್ನು ಸರಿ ಮಾಡಿಕೊಳ್ಳುತ್ತಿದ್ದಳು. ಇಷ್ಟು ದೊಡ್ಡ ಪೋರ್ಟಲ್ಲಿಗೆ ಅಷ್ಟು ಹೇಳಲು ಆಗುವುದಿಲ್ಲವಾ?

ಕಡೆಗೆ ನಾನೇ ರಜೆ ಹಾಕಿ ವಿಚಾರಿಸಲು ಹೋದೆ. ಯಾವ ಆಫೀಸು ಅಂತ ಬರೆಯುವುದಿಲ್ಲ. ಅಲ್ಲಿದ್ದ ಹೆಂಗಸು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಬೀಡಿ ಕಾರ್ಡಿನ ಹಿಂದಿನ ಪುಟ ಸ್ಕ್ಯಾನಿನಲ್ಲಿ ಮಬ್ಬಾಗಿದೆ, ಕೆಲಸಕ್ಕೆ ಸೇರಿದ ತಾರೀಕು ಓದಲಾಗುವುದಿಲ್ಲ. ಕಡಿಮೆಯೆಂದರೆ ಆರು ತಿಂಗಳು ಕೆಲಸ ಮಾಡಿರಬೇಕು ಅಂತ ನಿಯಮ, ಅದನ್ನು ನೋಡಲು ಆ ತಾರೀಕು. ನನ್ನ ಅಮ್ಮ ನಾನು ಹುಟ್ಟುವ ಮೊದಲಿನಿಂದ ಬೀಡಿ ಕಟ್ಟುತ್ತಿದ್ದಾಳೆ! ಅವಳ ಬಲಗೈ ಬೆರಳಿನ ಗೆರೆಗಳೇ ಸವೆದು ಹೋಗಿವೆ, ಬ್ಯಾಂಕಿನಲ್ಲಿ ಬೆರಳು ಒತ್ತಿದರೆ ಮೆಷಿನ್ ಹಿಡಿಯುವುದಿಲ್ಲ. ಪಿಎಫ್ ಅವಳ ಹೆಸರಿನಲ್ಲಿ ವರ್ಷಗಳಿಂದ ಕಟ್ಟುತ್ತಿದ್ದಾರೆ, ಅದೂ ಕೇಂದ್ರ ಕಾರ್ಮಿಕ ಸಚಿವಾಲಯದ ಕೆಳಗೇ ಬರುವುದು. ಪಿಎಫ್ ನಂಬರ್ ಹಾಕಿದರೆ ಎಷ್ಟು ವರ್ಷದ ಕೆಲಸ ಅಂತ ತಾನಾಗಿ ಗೊತ್ತಾಗಬೇಕಲ್ಲ. ಒಂದೇ ಸಚಿವಾಲಯದ ಎರಡು ಕಂಪ್ಯೂಟರ್ ಮಾತಾಡಿಕೊಳ್ಳದಿರುವುದಕ್ಕೆ ನಾವು ಮಸುಕು ಕಾರ್ಡನ್ನು ಬಿಸಿಲಿಗೆ ಹಿಡಿದು ಫೋಟೋ ತೆಗೆಯುವುದು. ಆ ಹೆಂಗಸಿಗೂ ಗೊತ್ತಿತ್ತು. ಕಾರಣ ಬರೆಯುವ ಜಾಗದಲ್ಲಿ ಆ ಒಂದು ಸಾಲು ಬರೆಯಬಹುದಿತ್ತಲ್ಲ ಅಂದೆ. ಎಷ್ಟು ಅರ್ಜಿ ಉಂಟು ನೋಡಿ ಅಂತ ಪರದೆ ಮೇಲೆ ಇಳಿಸುತ್ತಾ ಹೋದರು. ಅವರದ್ದೂ ತಪ್ಪು ಅನ್ನಲಾಗಲಿಲ್ಲ, ಇರುವವರು ಇಬ್ಬರು.

ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಮತ್ತೆ ಹಾಕಿದೆವು. ಮಂಜೂರಾಯಿತು. ಮಂಜೂರಾದರೆ ದುಡ್ಡು ಬಂತು ಅಂತಲ್ಲ. ಕಾಲೇಜಿನ ವರ್ಷ ಮುಗಿಯುತ್ತಾ ಬಂದರೂ ಅಕೌಂಟಿನಲ್ಲಿ ಏನೂ ಇಲ್ಲ. ಇಲ್ಲಿ ಹೆಚ್ಚಿನವರು ಬೀಳುವ ಹೊಂಡ ಒಂದು ಉಂಟು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬ್ಯಾಂಕಿಗೆ ಆಧಾರ್ ಕಾಪಿ ಕೊಟ್ಟಿದ್ದೇವೆ, ಲಿಂಕ್ ಆಗಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಸರ್ಕಾರದ ದುಡ್ಡು ಬರಲು ಅಷ್ಟು ಸಾಲದು. ಎನ್‌ಪಿಸಿಐ ಅಂತ ಒಂದು ಸಂಸ್ಥೆಯ ಪಟ್ಟಿಯಲ್ಲಿ, ಈ ಆಧಾರ್ ನಂಬರಿನ ದುಡ್ಡು ಈ ಬ್ಯಾಂಕಿಗೆ ಹೋಗಲಿ ಅಂತ ಸೇರಿರಬೇಕು. ಒಬ್ಬರಿಗೆ ನಾಲ್ಕು ಅಕೌಂಟ್ ಇದ್ದರೂ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು. ಅರ್ಜಿಯ ಜೊತೆ ನೀವು ಯಾವ ಪಾಸ್‌ಬುಕ್ ಕೊಟ್ಟರೂ ಆಧಾರ್ ಮೂಲಕ ಬರುವ ದುಡ್ಡು ಹೋಗುವುದು ಆ ಪಟ್ಟಿಯ ಬ್ಯಾಂಕಿಗೇ. ತಂಗಿ ಶಾಲೆಯಲ್ಲಿದ್ದಾಗ ಮಕ್ಕಳಿಗೆಲ್ಲ ಒಟ್ಟಿಗೆ ಒಂದು ಅಕೌಂಟ್ ತೆರೆಸಿದ್ದರು. ಅದು ವರ್ಷಗಟ್ಟಲೆ ಮುಟ್ಟದೆ ನಿದ್ದೆ ಹೋಗಿತ್ತು. ಪಟ್ಟಿಯಲ್ಲಿ ಇದ್ದದ್ದು ಅದೇ.

ಇದನ್ನು ಮೊದಲೇ ನೋಡಲು ದಾರಿ ಉಂಟು. ಆಧಾರ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಒಟಿಪಿ ಕೊಟ್ಟರೆ, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಒಂದು ಕಡೆ ಯಾವ ಬ್ಯಾಂಕು ಅಂತ ತೋರಿಸುತ್ತದೆ. ಎರಡು ನಿಮಿಷದ ಕೆಲಸ. ಅದನ್ನು ಅರ್ಜಿ ಹಾಕುವಾಗಲೇ ಪೋರ್ಟಲ್ ತೋರಿಸಿ, ಇದು ನಿನ್ನ ನಡೆಯುವ ಅಕೌಂಟಾ ಅಂತ ಮಗುವನ್ನೇ ಒಮ್ಮೆ ಕೇಳಿದ್ದರೆ ಅರ್ಧ ಕಾಸರಗೋಡಿನ ಓಡಾಟ ತಪ್ಪುತ್ತಿತ್ತು. ನಾವು ಹಳೆ ಬ್ಯಾಂಕಿಗೆ ಹೋಗಿ ಕೆವೈಸಿ ಕೊಟ್ಟೆವು. ಅಕೌಂಟ್ ಎದ್ದಿತು. ಆರು ಸಾವಿರ ಬಂದಾಗ ತಂಗಿ ಎರಡನೇ ವರ್ಷಕ್ಕೆ ಕಾಲಿಟ್ಟಾಗಿತ್ತು. ಮೊದಲ ವರ್ಷದ ಪುಸ್ತಕ, ಬಸ್ಸು ಎಲ್ಲ ಅಮ್ಮನ ಬೀಡಿಯಲ್ಲೇ ಮುಗಿದಿತ್ತು. ಓದಿಗೆ ಸಹಾಯ ಅಂದರೆ ಜೂನ್ ಜುಲೈಯಲ್ಲಿ ಬೇಕು. ಕಡೇಪಕ್ಷ ಅರ್ಧ ಮೊದಲು ಕೊಟ್ಟು, ಉಳಿದರ್ಧ ಪರಿಶೀಲನೆಯಾದ ಮೇಲೆ ಕೊಟ್ಟರೂ ನಡೆಯುತ್ತದೆ.

ನಮ್ಮದು ಹೇಗೋ ಆಯಿತು. ಆಗದವರ ಕಥೆ ಬೇರೆ. ಪಕ್ಕದ ಮನೆಯ ಅಕ್ಕನಿಗೆ ಬೀಡಿ ಕೊಡುವುದು ಮಂಗಳೂರಿನ ಕಂಪನಿ. ಗಡಿ ಈಚೆಗೂ ಆ ಕಂಪನಿಗಳ ಬ್ರಾಂಚುಗಳು ಇವೆ, ಅದು ಮೊದಲಿನಿಂದಲೂ ಹಾಗೆಯೇ. 1956ರಲ್ಲಿ ರಾಜ್ಯ ಬೇರೆಯಾಯಿತು, ಎಲೆ ಹೊಗೆಸೊಪ್ಪು ಬರುವ ದಾರಿ ಬೇರೆಯಾಗಲಿಲ್ಲ. ಅವರ ಮಗ ಓದುವುದೂ ಮಂಗಳೂರಿನಲ್ಲಿ. ಮನೆ ಮಾತ್ರ ಕೇರಳದಲ್ಲಿ. ಇಲ್ಲಿ ಕೇಳಿದರೆ, ಕಂಪನಿ ಕರ್ನಾಟಕದ್ದು, ಕಾಲೇಜೂ ಅಲ್ಲಿಯದು, ಅಲ್ಲಿ ಕೇಳಿ ಅಂದರು. ಗಡಿಯ ತಲಪಾಡಿ ದಾಟಿ ಹೋಗಿ ಕೇಳಿದರೆ, ನೀವು ಕೇರಳದವರಲ್ಲವಾ ಅಂದರು. ಎರಡೂ ಕಡೆ ನಗುನಗುತ್ತಾ ಹೇಳಿದ್ದಾರೆ. ಅವರ ಮಗ ಈಗ ಮೂರನೇ ವರ್ಷ. ಒಂದು ವರ್ಷದ ದುಡ್ಡೂ ಬಂದಿಲ್ಲ. ಇಡೀ ದೇಶಕ್ಕೆ ಒಂದೇ ಪೋರ್ಟಲ್ ಅಂದ ಮೇಲೆ, ಯಾವ ರಾಜ್ಯದ ಆಫೀಸು ನೋಡಬೇಕು ಅಂತ ಹುಡುಕುವುದು ಅರ್ಜಿ ಹಾಕಿದವರ ಕೆಲಸ ಆಗಬಾರದು. ಪೋರ್ಟಲ್ಲೇ ಕಳಿಸಲಿ, ತಪ್ಪಿ ಹೋದರೆ ಆಫೀಸಿನವರೇ ಒಬ್ಬರಿಗೊಬ್ಬರು ದಾಟಿಸಿಕೊಳ್ಳಲಿ. ಅಕ್ಕ ಈಗ ಆ ವಿಷಯ ಎತ್ತಿದರೆ, ಬಿಡು ಮಗ, ಆ ಬಸ್ ಚಾರ್ಜಿಗೆ ಎಷ್ಟೋ ಆಯಿತು ಅನ್ನುತ್ತಾರೆ.

ತಂಗಿಯ ಕಾಲೇಜಿನಲ್ಲಿ ಒಂದು ಬದಲಾವಣೆ ಆಗಿದೆ. ಮಾಸ್ಟ್ರು ಎರಡನೇ ವರ್ಷದ ನಾಲ್ಕೈದು ಮಕ್ಕಳನ್ನು ಕೂರಿಸಿ ಹೊಸಬರ ಒಟಿಆರ್, ಬ್ಯಾಂಕ್ ಸೀಡಿಂಗ್ ಎರಡನ್ನೂ ಅಡ್ಮಿಶನ್ ದಿನವೇ ನೋಡುವ ಹಾಗೆ ಮಾಡಿದ್ದಾರೆ. ಕನ್ನಡ, ಮಲಯಾಳ ಎರಡರಲ್ಲೂ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಯಾವ ಸುತ್ತೋಲೆಯೂ ಬಂದದ್ದಲ್ಲ, ಅವರಿಗೇ ತೋಚಿದ್ದು. ಅವರಿಗೂ ಟ್ರಾನ್ಸ್‌ಫರ್ ಆದರೆ ಲಾಗಿನ್ ಏನಾಗುತ್ತದೆ ಅಂತ ಕೇಳಿದೆ. ಸದ್ಯ ಆ ಮಾತು ಬೇಡ ಅಂದರು.

ಈಗ ರಿನ್ಯೂವಲ್ ಹಾಕಬೇಕು. ಅದಕ್ಕೆ ಹಿಂದಿನ ವರ್ಷದ ಮಾರ್ಕ್ಸ್ ಎಷ್ಟು ಪರ್ಸೆಂಟ್ ಅಂತ ಕೇಳುತ್ತದೆ. ಹೊಸ ಡಿಗ್ರಿಯಲ್ಲಿ ಕೊಡುವುದು ಗ್ರೇಡ್ ಪಾಯಿಂಟ್. ಅದನ್ನು ಪರ್ಸೆಂಟಿಗೆ ತಿರುಗಿಸುವ ಲೆಕ್ಕ ಯೂನಿವರ್ಸಿಟಿಯಿಂದ ಬರಹದಲ್ಲಿ ಸಿಗಲಿ, ಆಮೇಲೆ ತುಂಬಿಸುವ ಅಂತ ಮಾಸ್ಟ್ರು ಹೇಳಿದ್ದಾರೆ. ತಂಗಿ ಈ ಸಲ ಬೀಡಿ ಕಾರ್ಡಿನ ಎರಡೂ ಪುಟಗಳ ಸ್ಕ್ಯಾನನ್ನು ಮೊದಲೇ ಮಾಡಿಟ್ಟಿದ್ದಾಳೆ.